ಬಿಸಿಲಿಗೆ ಅವಕ್ಕೂ ನೀರಡಿಕೆ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡೇ ಮಾತು. ಟ್ಯಾಂಕರ್ ಬಂತಾ? ನಿಮ್ಮನೇಲೂ ಜಿರಳೆ ಜಾಸ್ತಿ ಆಗಿದ್ಯಾ? ಇವೆರಡೂ ಒಂದೇ ಸಮಸ್ಯೆ ಅಂತ ಹೇಳಿದರೆ ಯಾರೂ ನಂಬಲ್ಲ. ಕಲಬುರಗಿಯಲ್ಲಿರುವ ಅವ್ವನಿಗೆ ಮಾತ್ರ ಇದು ಯಾವಾಗಲೋ ಗೊತ್ತು. "ಅವಕ್ಕೂ ನೀರಡಿಕಿ ಆಗ್ತದಪ್ಪಾ, ಎಲ್ಲಿ ಹೋಗ್ಬೇಕು?" ಅಂತಾಳೆ.

ಕೀಟಗಳ ಮೈ ಬಿಸಿ ಸುತ್ತಲಿನ ಹವೆಯ ಜೊತೆಗೇ ಏರಿಳಿಯುತ್ತದೆ. ಸೆಖೆ ಏರಿದಂತೆ ಅವುಗಳ ಬೆಳವಣಿಗೆ ಚುರುಕಾಗುತ್ತದೆ. ಅಡುಗೆಮನೆಯಲ್ಲಿ ಕಾಣುವ ಸಣ್ಣ ಕಂದು ಜಿರಳೆ 30 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಎರಡು ತಿಂಗಳೇನೋ ಸಾಕು, ಚಳಿ ಇದ್ದರೆ ಇನ್ನೂ ಹೆಚ್ಚು ದಿನ ಬೇಕು. ಆಹಾರ ಇಲ್ಲದೆ ಅದು ವಾರಗಟ್ಟಲೆ ಬದುಕುತ್ತದೆ, ನೀರಿಲ್ಲದೆ ಅಷ್ಟು ದಿನ ತಡೆಯಲ್ಲ. ಹಾಗಾಗಿ ರಾತ್ರಿ ತಿಂಡಿಯ ಚೂರು ಗುಡಿಸುವಷ್ಟೇ ಮುಖ್ಯ, ಸಿಂಕ್ ಒರೆಸಿ ಒಣಗಿಸಿ ಮಲಗುವುದು. ಇರುವೆಯ ಕತೆಯೂ ಇದೇ. ಅಂಗಳದ ಮಣ್ಣು ಒಣಗಿತು ಅಂದ್ರೆ ಸಾಲು ನೇರ ವಾಶ್‌ಬೇಸಿನ್ ಕಡೆಗೆ. ಮುಂದಿನವು ಬಿಟ್ಟ ವಾಸನೆಯ ಜಾಡು ಹಿಡಿದು ಹಿಂದಿನವು ಬರುತ್ತವೆ, ಸೋಪು ನೀರಲ್ಲಿ ಆ ದಾರಿ ಒರೆಸಿಬಿಡಿ.

ಇನ್ನೊಂದು ದಾರಿಯನ್ನು ಹೆಚ್ಚಿನವರು ಗಮನಿಸಲ್ಲ. ಬಚ್ಚಲಿನ ನಹಾನಿ ಟ್ರ್ಯಾಪ್‌ನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು, ಒಳಚರಂಡಿಗೂ ಮನೆಗೂ ನಡುವಿನ ಬಾಗಿಲೇ ಅದು. ಮಕ್ಕಳ ರಜೆ ಅಂತ ಎರಡು ವಾರ ಊರಿಗೆ ಹೋದರೆ ಆ ನೀರು ಆರಿಹೋಗುತ್ತದೆ. ದೊಡ್ಡ ಜಿರಳೆಗಳಿಗೆ, ಗಬ್ಬು ವಾಸನೆಗೆ ಬಾಗಿಲು ತೆರೆದ ಹಾಗೆ. ಹೊರಡುವ ಮುಂಚೆ ಬಳಸದ ಬಾತ್‌ರೂಮಿಗೂ ಒಂದು ಚೊಂಬು ನೀರು ಹಾಕಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರಲ್ಲ. ಮುಚ್ಚಿದ ಅಡುಗೆಮನೆಯಲ್ಲಿ ಇಡೀ ಡಬ್ಬ ಸ್ಪ್ರೇ ಹೊಡೆದು, ಆಮೇಲೆ ಅಲ್ಲೇ ಮಗುವಿಗೆ ಊಟ ಕಲಸೋದಕ್ಕಿಂತ ಇದು ಎಷ್ಟೋ ವಾಸಿ.

ನನಗೆ ನಿಜವಾಗಿ ಭಯ ಇರುವುದು ಡ್ರಮ್ಮಿನ ಬಗ್ಗೆ. ನಲ್ಲಿ ನೀರು ಯಾವಾಗ ಬರುತ್ತೋ ಅಂತ ಕೊಡ, ಬಕೆಟ್ಟು, ಡ್ರಮ್ಮು ಎಲ್ಲಾ ತುಂಬಿಡ್ತೀವಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ್ದೂ ಇಂಥ ತಿಳಿನೀರೇ. ಈ ಸೆಖೆಗೆ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಬರೀ ನೀರು ಚೆಲ್ಲಿದರೆ ಪ್ರಯೋಜನ ಇಲ್ಲ. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಡ್ರಮ್ಮಿನ ಗೋಡೆಗೇ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಹಾಗಾಗಿ ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಲೇಬೇಕು, ಬಟ್ಟೆ ಕಟ್ಟಿ ಮುಚ್ಚಬೇಕು. ಏರ್ ಕೂಲರ್ ತೊಟ್ಟಿಗೂ ಇದೇ ಮಾತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ನೀರಿಗೆ ಪರದಾಡಿತು, ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿತು. ಎಲ್ಲದಕ್ಕೂ ಡ್ರಮ್ಮೇ ಕಾರಣ ಅನ್ನಲ್ಲ, ನಡುವೆ ಮಳೆಗಾಲವೂ ಇತ್ತು.

ನಮ್ಮ ಕಡೆ ಬೇಸಿಗೆಯ ಇನ್ನೊಂದು ಅತಿಥಿ ಚೇಳು. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ತಣ್ಣಗಿದ್ದು ರಾತ್ರಿ ಹೊರಬೀಳುತ್ತದೆ. ಮಾಳಿಗೆ ಮೇಲೆ ಮಲಗುವವರು ಹಾಸಿಗೆ ಕೊಡವಿ ಹಾಸಬೇಕು, ಬೆಳಿಗ್ಗೆ ಚಪ್ಪಲಿ ಕೊಡವಿ ಮೆಟ್ಟಬೇಕು. ಚಿಕ್ಕ ಮಕ್ಕಳಿಗೆ ಕೆಂಪು ಚೇಳು ಕುಟುಕಿದರೆ ಮಂತ್ರ ಹಾಕಿಸುತ್ತಾ ಕೂರಬೇಡಿ. ಹೃದಯಕ್ಕೇ ಅಪಾಯ, ಕೂಡಲೇ ಆಸ್ಪತ್ರೆಗೆ ಹೋಗಿ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಅವರ ಕೆಲಸದಿಂದಾಗಿ ಇದಕ್ಕೆ ಪ್ರಾಜೋಸಿನ್ ಅನ್ನೋ ಮಾತ್ರೆ ಬಳಕೆಗೆ ಬಂದಿದೆ.

ಬಿಸಿಲು ನಮ್ಮ ಕಡೆಗೂ ಕೆಲಸ ಮಾಡುತ್ತದೆ ಅನ್ನಿ. ತಿಗಣೆಗೆ 50 ಡಿಗ್ರಿ ಶಾಖ ತಡೆಯೋಕಾಗಲ್ಲ. ದಪ್ಪ ಹಾಸಿಗೆಯ ಒಳಗೆ ಬಿಸಿಲು ಅಷ್ಟು ಇಳಿಯಲ್ಲ, ತೆಳು ಚಾದರ, ಕೌದಿಗಳಾದರೆ ಕಾದ ಮಾಳಿಗೆಯ ಮೇಲೆ ಹರಡಿ. ಬೇಳೆ ಕಾಳು ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿದರೆ ನುಸಿಯೂ ಕಡಿಮೆ.

ಕೊನೆಗೆ ಗೆದ್ದಲು. ಬೇಸಿಗೆಯಲ್ಲಿ ತೇವ ಹುಡುಕಿಕೊಂಡು ಮಣ್ಣಿನ ಸುರಂಗ ಕಟ್ಟಿ ಬಚ್ಚಲಿನ ಬಾಗಿಲ ಚೌಕಟ್ಟಿಗೆ ಹತ್ತುತ್ತವೆ, ಸದ್ದೇ ಇರಲ್ಲ. ಮೊದಲ ಮಳೆಯ ಸಂಜೆ ದೀಪದ ಸುತ್ತ ರೆಕ್ಕೆ ಹುಳ ಏಳುತ್ತವಲ್ಲ, ಅವು ಕಿಟಕಿಯಿಂದ ಬಂದವಾ ಚೌಕಟ್ಟಿನಿಂದಲೇ ಹೊರಟವಾ ಒಮ್ಮೆ ನೋಡಿ. ಚೌಕಟ್ಟಿನಿಂದ ಅಂತಾದರೆ ಮರುದಿನವೇ ಬಡಗಿಯನ್ನು ಕರೆಸಿ ಆ ಮರವನ್ನು ತಟ್ಟಿ ನೋಡಿಸಿ.