ಹಳೆ ಕ್ಯಾಬಿನೆಟ್ಟಿಗೆ ಹೊಸ ಬೋರ್ಡು

ಗುಜರಿಗೆ ಬಂದ ಕಂಪ್ಯೂಟರನ್ನು ಬಿಚ್ಚುವವರು ಮೊದಲು ಕೈಹಾಕುವುದು ಮದರ್‌ಬೋರ್ಡಿಗೆ. ಅದರಲ್ಲಿ ತಾಮ್ರವಿದೆ, ತುಸು ಚಿನ್ನದ ಲೇಪವಿದೆ. ಆಮೇಲೆ ಎಸ್‌ಎಂಪಿಎಸ್, ಹಾರ್ಡ್‌ಡಿಸ್ಕ್, ತಂತಿಗಳು. ಎಲ್ಲ ಮುಗಿದ ಮೇಲೆ ಉಳಿಯುವ ಕ್ಯಾಬಿನೆಟ್ಟು ಬರೀ ಕಬ್ಬಿಣದ ತೂಕಕ್ಕೆ ಹೋಗುತ್ತದೆ. ಸೇಲಂನಲ್ಲೂ ಧರ್ಮಪುರಿಯಲ್ಲೂ ನಡೆಯುವುದು ಇದೇ. ಆದರೆ ಇಪ್ಪತ್ತೈದು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಇವತ್ತಿಗೂ ಪೂರ್ತಿ ಕೆಲಸಕ್ಕೆ ಬರುವ ಭಾಗವೆಂದರೆ ಆ ಕ್ಯಾಬಿನೆಟ್ಟೊಂದೇ. ಪ್ರೊಸೆಸರಿನ ಸಾಕೆಟ್ ಬದಲಾಯಿತು, ರ‍್ಯಾಮ್ ಡಿಡಿಆರ್‌ನಿಂದ ಡಿಡಿಆರ್5ರವರೆಗೆ ಬಂತು, ಹಾರ್ಡ್‌ಡಿಸ್ಕಿನ ಅಗಲವಾದ ಪಟ್ಟಿ ಕೇಬಲ್ಲು ಕಣ್ಮರೆಯಾಯಿತು. ಬೋರ್ಡನ್ನು ಬಿಗಿಯುವ ಸ್ಕ್ರೂ ತೂತುಗಳು ಮಾತ್ರ ಇದ್ದಲ್ಲೇ ಇವೆ.

ಇಂಟೆಲ್ ಕಂಪನಿ 1995ರಲ್ಲಿ ಎಟಿಎಕ್ಸ್ ಎಂಬ ಅಳತೆಯನ್ನು ಹೊರತಂದಿತು. ಬೋರ್ಡಿನ ಉದ್ದ 305 ಮಿಲಿಮೀಟರು, ಅಗಲ 244. ಎರಡು ವರ್ಷದ ನಂತರ ಬಂದ ಮೈಕ್ರೋ ಎಟಿಎಕ್ಸ್ 244 ಮಿಲಿಮೀಟರಿನ ಚೌಕ. ವಿಯಾ ಕಂಪನಿ 2001ರಲ್ಲಿ ಪರಿಚಯಿಸಿದ ಮಿನಿ ಐಟಿಎಕ್ಸ್ ಇನ್ನೂ ಪುಟ್ಟದು, 170 ಮಿಲಿಮೀಟರಿನ ಚೌಕ. ಅದರ ನಾಲ್ಕು ತೂತುಗಳೂ ಎಟಿಎಕ್ಸ್ ತೂತುಗಳ ಮೇಲೇ ಕೂರುತ್ತವೆ. ಹಾಗಾಗಿ ಪೆಂಟಿಯಂ 2 ಕೂತಿದ್ದ ಕ್ಯಾಬಿನೆಟ್ಟಿನಲ್ಲಿ ಈ ವರ್ಷ ಕೊಂಡ ಬೋರ್ಡು ಹೊಸದೊಂದು ತೂತನ್ನೂ ಕೇಳದೆ ಕೂರುತ್ತದೆ. ತಂತ್ರಜ್ಞಾನದ ಲೋಕದಲ್ಲಿ ಇಷ್ಟು ಕಾಲ ಮಾತಿಗೆ ತಪ್ಪದ ಅಳತೆ ಅಪರೂಪ, ನನಗೆ ಅದರ ಬಗ್ಗೆ ನಿಜವಾದ ಗೌರವವಿದೆ. ಜೊತೆಗೆ ಹಳೆಯ ತಗಡಿನ ದಪ್ಪ ಒಂದು ಮಿಲಿಮೀಟರಿಗೆ ಸಮೀಪ. ಇಂದಿನ ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ತಗಡು ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಳಿದಿದೆ. ಬೆರಳಿನಲ್ಲಿ ಒತ್ತಿದರೆ ಬಾಗುತ್ತದೆ.

ಹಳೆ ಕ್ಯಾಬಿನೆಟ್ಟಿಗೆ ಹೊಸ ಬೋರ್ಡು ಕೂರಿಸುವ ಕೆಲಸಕ್ಕೆ ಸೇಲಂ ಸೀಮೆಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. 1981ರಲ್ಲಿ ಉತ್ಪಾದನೆ ಆರಂಭಿಸಿದ ಸೇಲಂ ಸ್ಟೀಲ್ ಪ್ಲಾಂಟಿನ ಸ್ಟೇನ್‌ಲೆಸ್ ಸ್ಟೀಲ್ ದೇಶಕ್ಕೆಲ್ಲ ಗೊತ್ತು. ಸಂಕಗಿರಿ ಲಾರಿಗಳ ಊರು. ತಗಡು ಕತ್ತರಿಸಿ, ಬಾಗಿಸಿ, ರಿವೆಟ್ ಹೊಡೆಯುವ ಕೈಗಳಿಗೆ ಅಲ್ಲಿ ಬರವಿಲ್ಲ. ಶೆವ್ವಾಪೇಟೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವವರು ಕೂದಲೆಳೆಯ ಅಳತೆಗೆ ಅರ ಉಜ್ಜುತ್ತಾರೆ. ಬೇಕಾದ ಬಿಡಿಭಾಗಗಳು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುತ್ತವೆ; ಹೊಸೂರು, ಕೃಷ್ಣಗಿರಿ ದಾಟಿ ಧರ್ಮಪುರಿಯ ಮೇಲೆ ಸೇಲಂಗೆ ಇಳಿಯುವ ಹೆದ್ದಾರಿ 44ರಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. 1965ರವರೆಗೆ ಧರ್ಮಪುರಿ ಸೇಲಂ ಜಿಲ್ಲೆಯೊಳಗೇ ಇತ್ತು, ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಈ ಇಡೀ ಪಟ್ಟಿಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ಅವರಲ್ಲಿ ದೇವಾಂಗ ನೇಕಾರರೂ ಇದ್ದಾರೆ. ಸೀರೆಯ ಅಂಚು, ಸೆರಗಿನ ವಿನ್ಯಾಸ ಕಂಪ್ಯೂಟರಿಗೆ ಬಂದ ಮೇಲೆ ಮಗ್ಗದ ಪಕ್ಕದ ಕೋಣೆಗೂ ಒಂದು ಕಂಪ್ಯೂಟರು ಬಂತು. ಈ ಲೇಖನ ಬರೆಯುವಾಗ ನನ್ನ ಮನಸ್ಸಿನಲ್ಲಿರುವುದು ಅಂಥ ಮನೆ. ಏಕೆಂದರೆ ಅಲ್ಲಿ ಕ್ಯಾಬಿನೆಟ್ಟಿನ ದೊಡ್ಡ ಶತ್ರು ಹತ್ತಿಯ ನವಿರು.

ಮೊದಲ ಕೆಲಸ, ಕೈಯಲ್ಲಿರುವುದು ಯಾವ ಜಾತಿಯ ಕ್ಯಾಬಿನೆಟ್ಟು ಎಂದು ತಿಳಿಯುವುದು. ಹಿಂಬದಿಯಲ್ಲಿ ಸುಮಾರು 159 ಮಿಲಿಮೀಟರು ಉದ್ದ, 44 ಮಿಲಿಮೀಟರು ಎತ್ತರದ ಆಯತಾಕಾರದ ಕಿಂಡಿ ಇದ್ದರೆ ಅದು ಎಟಿಎಕ್ಸ್. ಅರ್ಧ ಕೆಲಸ ಮುಗಿದಂತೆ. ಕೀಬೋರ್ಡಿಗೆಂದು ಬರೀ ಒಂದು ದುಂಡು ತೂತಿದ್ದರೆ ಅದು ಅದಕ್ಕೂ ಹಿಂದಿನ ಎಟಿ. ಈ ಎಟಿ ಕ್ಯಾಬಿನೆಟ್ಟಿನ ಮುಂದಿರುವ ಪವರ್ ಬಟನ್ ವಿಷಯದಲ್ಲಿ ಬಹಳ ಎಚ್ಚರ ಬೇಕು. ಎಸ್‌ಎಂಪಿಎಸ್‌ನಿಂದ ಹೊರಟ ದಪ್ಪ ಕೇಬಲ್ಲಿನ ಕಂದು, ನೀಲಿ, ಕಪ್ಪು, ಬಿಳಿ ತಂತಿಗಳು ನೇರವಾಗಿ ಆ ಬಟನ್ನಿಗೆ ಹೋಗುತ್ತವೆ. ಅವುಗಳಲ್ಲಿ ಹರಿಯುವುದು ಗೋಡೆಯ 230 ವೋಲ್ಟ್. ಎಟಿಎಕ್ಸ್‌ನಲ್ಲಿ ಬಟನ್ನು ಬೋರ್ಡಿನ ಎರಡು ಪಿನ್ನುಗಳನ್ನು ಒಂದು ಕ್ಷಣ ಸೇರಿಸುತ್ತದೆ ಅಷ್ಟೆ. ಆದ್ದರಿಂದ ಹಳೆಯ ಬಟನ್ನನ್ನು ಹೊಸ ಬೋರ್ಡಿಗೆ ಜೋಡಿಸುವ ಯೋಚನೆಯನ್ನೇ ಬಿಡಬೇಕು. ಪಕ್ಕದಲ್ಲಿರುವ ರೀಸೆಟ್ ಬಟನ್ ಒತ್ತಿ ಬಿಟ್ಟರೆ ಹಿಂದಕ್ಕೆ ಬರುವಂಥದ್ದು. ಅದನ್ನೇ ಪವರ್ ಬಟನ್ ಮಾಡಿಕೊಂಡರೆ ಮುಖದ ಅಂದವೂ ಉಳಿಯುತ್ತದೆ, ಜೀವಕ್ಕೂ ಕ್ಷೇಮ.

ಕಚೇರಿಗಳ ಹರಾಜಿನಲ್ಲಿ ಬರುವ ಬ್ರಾಂಡೆಡ್ ಕಂಪ್ಯೂಟರುಗಳ ಕ್ಯಾಬಿನೆಟ್ಟು ಗಟ್ಟಿ, ನೋಡಲೂ ಚೆಂದ. ಆದರೆ 2004ರ ನಂತರದ ಕೆಲವು ವರ್ಷ ದೊಡ್ಡ ಕಂಪನಿಗಳು ಬಿಟಿಎಕ್ಸ್ ಎಂಬ ಬೇರೆಯ ಜೋಡಣೆ ಹಿಡಿದವು. ಅದರಲ್ಲಿ ಬೋರ್ಡು ಎದುರು ಬದಿಯ ಗೋಡೆಗೆ ಕೂರುತ್ತದೆ. ಅಂಥದ್ದು ಸಿಕ್ಕರೆ, ಅಥವಾ ಹಳೆಯ ಎಟಿಯೇ ಬೇಕೆಂಬ ಹಟವಿದ್ದರೆ, ಸುಲಭದ ದಾರಿ ಒಂದಿದೆ. ಮುಖ ಒಡೆದು ಮೂಲೆಗೆ ಬಿದ್ದ ಯಾವುದಾದರೂ ಎಟಿಎಕ್ಸ್ ಕ್ಯಾಬಿನೆಟ್ಟಿನಿಂದ ಬೋರ್ಡು ಕೂರುವ ತಟ್ಟೆಯನ್ನೂ ಹಿಂಬದಿಯ ಹಲಗೆಯನ್ನೂ ಒಟ್ಟಿಗೇ ಕತ್ತರಿಸಿ ತಂದು ಇದರೊಳಗೆ ರಿವೆಟ್ ಹೊಡೆಯುವುದು. ಕಾರ್ಡುಗಳ ಸ್ಲಾಟಿನ ನಡುವಿನ ಅಂತರ 20.32 ಮಿಲಿಮೀಟರು. ಇದನ್ನು ಕೈಯಲ್ಲಿ ಗೆರೆ ಹಾಕಿ ಕತ್ತರಿಸುತ್ತ ಹೋದರೆ ಕೊನೆಯ ಸ್ಲಾಟಿನ ಹೊತ್ತಿಗೆ ತಪ್ಪು ಕಣ್ಣಿಗೆ ಕಾಣುವಷ್ಟು ಬೆಳೆದಿರುತ್ತದೆ. ಕಾರ್ಖಾನೆಯಲ್ಲಿ ಒತ್ತಿದ ತುಂಡನ್ನೇ ಬಳಸಿದರೆ ಆ ಚಿಂತೆ ಇಲ್ಲ.

ವೆಲ್ಡಿಂಗ್ ಬೇಡ. ಈ ತಗಡಿಗೆ ಸತುವಿನ ಲೇಪವಿರುತ್ತದೆ. ಸುಟ್ಟರೆ ಏಳುವ ಹೊಗೆ ಕುಡಿದವರಿಗೆ ಆ ರಾತ್ರಿ ಚಳಿಜ್ವರ ಬರುತ್ತದೆ. ತೆಳುವಾದ ತಗಡು ಶಾಖಕ್ಕೆ ಸೊಟ್ಟಗಾಗುವುದು ಬೇರೆ. ಪಾಪ್ ರಿವೆಟ್ ಸಾಕು, ಬೇಡವೆನಿಸಿದರೆ ಡ್ರಿಲ್ಲಿನಲ್ಲಿ ಅದರ ತಲೆ ಹಾರಿಸಬಹುದು. ತೇಪೆ ಹಾಕಲು ಸ್ಟೇನ್‌ಲೆಸ್ ತುಂಡು ಊರಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ ಎಂಬ ಆಸೆಗೂ ಬೀಳಬಾರದು. ಡ್ರಿಲ್ ಬಿಟ್ ತಿರುಗಿದಷ್ಟೂ ಅದು ಗಡಸಾಗುತ್ತ ಹೋಗಿ ಬಿಟ್ಟಿನ ಮೊನೆಯನ್ನೇ ಮೊಂಡು ಮಾಡುತ್ತದೆ. ಸಾದಾ ತಗಡೇ ಈ ಕೆಲಸಕ್ಕೆ ಸರಿ.

ಇನ್ನು ಶಾಖದ ವಿಷಯ. ಹಳೆ ಕ್ಯಾಬಿನೆಟ್ಟಿಗೆ ಹೊಸ ಬೋರ್ಡು ಹಾಕಿ ಕೈಸುಟ್ಟುಕೊಂಡವರಲ್ಲಿ ಬಹುಪಾಲು ಜನ ಸೋಲುವುದು ಇಲ್ಲೇ. 486ರ ಕಾಲದಲ್ಲಿ ಎಷ್ಟೋ ಪ್ರೊಸೆಸರಿಗೆ ಫ್ಯಾನೇ ಇರಲಿಲ್ಲ. 1993ರ ಮೊದಲ ಪೆಂಟಿಯಂ ಹೊರಸೂಸಿದ್ದು ಸುಮಾರು 15 ವಾಟ್ ಶಾಖ. ಇವತ್ತು ಮಧ್ಯಮ ದರ್ಜೆಯದೆನ್ನುವ ಕೋರ್ ಐ5 12400 ಸಾಮಾನ್ಯವಾಗಿ 65 ವಾಟ್, ಪೂರ್ಣ ವೇಗದಲ್ಲಿ 117 ವಾಟ್ ತಿನ್ನುತ್ತದೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು ಸೇರಿಸಿದರೆ ಇನ್ನೊಂದು 115 ವಾಟ್. ಹಳೆ ಕ್ಯಾಬಿನೆಟ್ಟಿಗೆ ಇದ್ದದ್ದು ಹಿಂದುಗಡೆ 80 ಮಿಲಿಮೀಟರಿನ ಒಂದು ಫ್ಯಾನ್, ಅದೂ ಇದ್ದರೆ. ಮುಂಬದಿಯ ಪ್ಲಾಸ್ಟಿಕ್ ಮುಖ ಪೂರಾ ಮುಚ್ಚಿದ್ದು, ಗಾಳಿಗೆ ಕೆಳಗಡೆ ಒಂದು ಸೀಳು ಮಾತ್ರ. ಹೊರಗೆ ಮೇ ತಿಂಗಳ ಸೇಲಂ ಬಿಸಿಲು 40 ಡಿಗ್ರಿ ಮುಟ್ಟುವ ದಿನ ಒಳಗೆ ಏನಾಗಬಹುದು ಎಂದು ಲೆಕ್ಕ ಹಾಕಬಹುದು.

ಮುಖವನ್ನು ಕೊರೆದು ಹಾಳುಮಾಡದೆ ಗಾಳಿ ತರುವ ಉಪಾಯ ಹಳೆ ಕ್ಯಾಬಿನೆಟ್ಟಿನಲ್ಲೇ ಅಡಗಿದೆ. ಸಿ.ಡಿ. ಡ್ರೈವಿಗೆಂದು ಬಿಟ್ಟ ಐದೂಕಾಲು ಇಂಚಿನ ಗೂಡುಗಳು ಒಂದರ ಮೇಲೊಂದು ಮೂರಿದ್ದರೆ ಅವುಗಳ ಒಟ್ಟು ಎತ್ತರದಲ್ಲಿ 120 ಮಿಲಿಮೀಟರಿನ ಫ್ಯಾನ್ ಸರಿಯಾಗಿ ಕೂರುತ್ತದೆ. ಗೂಡಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಆ ಜಾಗಕ್ಕೆ ತೂತುತಗಡು ಕತ್ತರಿಸಿ ಹಾಕಿದರೆ ಸಾಕು. ಅದರ ಹಿಂದೆ ನೈಲಾನ್ ಸೊಳ್ಳೆಪರದೆಯ ತುಂಡು. ಮಗ್ಗದ ಮನೆಯಲ್ಲಿ ಈ ಪರದೆ ಇಲ್ಲದಿದ್ದರೆ ಪ್ರೊಸೆಸರಿನ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ನವಿರು ಕಂಬಳಿಯಾಗಿ ಕೂತುಬಿಡುತ್ತದೆ. ಒಳಗೆ ಬರುವ ಗಾಳಿ ಹೊರಗೆ ಹೋಗುವ ಗಾಳಿಗಿಂತ ತುಸು ಹೆಚ್ಚಿರುವಂತೆ ಫ್ಯಾನುಗಳನ್ನು ಹೊಂದಿಸಿದರೆ ಸಂದುಗಳಿಂದ ಧೂಳು ಒಳನುಗ್ಗುವುದಿಲ್ಲ. ಬರುವುದೆಲ್ಲ ಪರದೆ ದಾಟಿಯೇ ಬರಬೇಕು. ಪರದೆ ತೊಳೆಯುವುದು ಐದು ನಿಮಿಷದ ಕೆಲಸ.

ಹಿಂಬದಿಯಲ್ಲಿ 80ರ ಜಾಗದಲ್ಲಿ 120 ಕೂರಿಸಲು ತಗಡು ಕೊರೆಯಲೇಬೇಕು. ಸ್ಕ್ರೂ ತೂತುಗಳ ಅಂತರ 71.5 ಮಿಲಿಮೀಟರಿನಿಂದ 105ಕ್ಕೆ ಹೋಗುತ್ತದೆ. ಕಾಗದದಲ್ಲಿ ಅಚ್ಚು ಬರೆದು ಅಂಟಿಸಿ, ನಡುಬಿಂದುವಿಗೆ ಪಂಚ್ ಹೊಡೆದು, ಹೋಲ್ ಸಾ ನಿಧಾನವಾಗಿ ಇಳಿಸಬೇಕು. ಅಂಚಿಗೆ ಅರ ಉಜ್ಜಿ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಕೂರಿಸಿದರೆ ಅದು ಕೇಬಲ್ಲನ್ನು ಕುಯ್ಯುವುದಿಲ್ಲ. ಕೊರೆಯುವಾಗ ಬೋರ್ಡು ಹತ್ತಿರದಲ್ಲೂ ಇರಬಾರದು, ಕೊರೆದಾದ ಮೇಲೆ ಇಡೀ ಡಬ್ಬವನ್ನು ತೊಳೆದು ಒಣಗಿಸಬೇಕು. ಕಬ್ಬಿಣದ ಒಂದು ಚೂರು ಬೋರ್ಡಿನ ಕೆಳಗೆ ಸಿಕ್ಕಿಕೊಂಡರೆ ಶಾರ್ಟ್ ಆಗಲು ಅಷ್ಟೇ ಸಾಕು. ಬೋರ್ಡನ್ನು ತಟ್ಟೆಯಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡಾಫ್‌ಗಳನ್ನೂ ಎಣಿಸಿಕೊಳ್ಳಿ. ಹೊಸ ಬೋರ್ಡಿನಲ್ಲಿ ತೂತಿಲ್ಲದ ಕಡೆ ಹಳೆಯದೊಂದು ಉಳಿದಿದ್ದರೆ ಅದು ಕೆಳಗಿನಿಂದ ಬೋರ್ಡನ್ನು ಮುಟ್ಟುತ್ತದೆ.

ಉದ್ದನೆಯ ಗ್ರಾಫಿಕ್ಸ್ ಕಾರ್ಡಿಗೆ ಹಾರ್ಡ್‌ಡಿಸ್ಕಿನ ಪಂಜರ ಅಡ್ಡ ಬರುತ್ತದೆ. ರಿವೆಟ್ ಹಾರಿಸಿ ಅದನ್ನು ತೆಗೆಯಬಹುದು, ಎಸ್‌ಎಸ್‌ಡಿಗೆ ಎಲ್ಲಾದರೂ ಎರಡು ಸ್ಕ್ರೂ ಸಾಕು. ಆದರೆ ಆ ಪಂಜರವೇ ಕ್ಯಾಬಿನೆಟ್ಟಿನ ಮುಂಭಾಗವನ್ನು ನೆಟ್ಟಗೆ ಹಿಡಿದಿರುತ್ತದೆ. ತೆಗೆದ ಕಡೆ ಮೇಲಿನಿಂದ ಕೆಳಗಿನವರೆಗೆ ಒಂದು ಎಲ್ ಆಂಗಲ್ ಪಟ್ಟಿ ಹೊಡೆಯದೆ ಬಿಟ್ಟರೆ ಪಕ್ಕದ ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಫ್ಲಾಪಿ ಗೂಡಿಗೆ ಹೊಂದುವ ಯುಎಸ್‌ಬಿ ಪ್ಯಾನೆಲ್ ಅಂಗಡಿಯಲ್ಲೇ ಸಿಗುತ್ತದೆ. ಬಣ್ಣದ ಕೆಲಸವನ್ನು ಬೈಕಿಗೆ ಬಣ್ಣ ಹೊಡೆಯುವವರಿಗೆ ಒಪ್ಪಿಸುವುದು ಜಾಣತನ.

ಎಸ್‌ಎಂಪಿಎಸ್ ಮಾತ್ರ ಹೊಸದೇ ಆಗಬೇಕು, ಇದರಲ್ಲಿ ರಾಜಿ ಇಲ್ಲ. ಹಳೆಯವು 5 ವೋಲ್ಟಿನ ಕಾಲದವು. ಪ್ರೊಸೆಸರಿಗೆ 12 ವೋಲ್ಟಿನ ಪ್ರತ್ಯೇಕ ತಂತಿ ಬಂದದ್ದು 2000ದಲ್ಲಿ, ಬೋರ್ಡಿನ ದೊಡ್ಡ ಪ್ಲಗ್ಗು 20 ಪಿನ್ನಿನಿಂದ 24ಕ್ಕೆ ಏರಿದ್ದು 2003ರಲ್ಲಿ. ಹಳೆಯದನ್ನು ಕುತೂಹಲಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲಿನ ಒತ್ತಡ ಕೂತಿರಬಹುದು. ಹೊಸದನ್ನು ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಹಾಕಿ. ಹಳೆ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಎಸ್‌ಎಂಪಿಎಸ್ ಕೆಟ್ಟಿದೆ ಎಂದೇ ಅಲ್ಲ. ಅರ್ಥಿಂಗ್ ಇಲ್ಲದಾಗ ಅದರೊಳಗಿನ ಫಿಲ್ಟರ್ ಕೆಪಾಸಿಟರುಗಳು ಗೋಡೆಯ ವಿದ್ಯುತ್ತಿನ ಸುಮಾರು ಅರ್ಧದಷ್ಟು ವೋಲ್ಟೇಜನ್ನು ತಗಡಿಗೆ ತಂದು ನಿಲ್ಲಿಸುತ್ತವೆ. ಕರೆಂಟು ಅತ್ಯಲ್ಪ, ಆದರೂ ಮಕ್ಕಳಿರುವ ಮನೆಯಲ್ಲಿ ಅದನ್ನು ಸಹಿಸಿಕೊಳ್ಳಬಾರದು.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಯನ್ನು ಮಧ್ಯಾಹ್ನದ ಬಿಸಿಲಿನ ಹೊತ್ತಿಗೇ ಇಟ್ಟುಕೊಳ್ಳಬೇಕು. ಪಕ್ಕದ ಬಾಗಿಲು ಹಾಕಿ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಪ್ರೊಸೆಸರಿನ ಉಷ್ಣತೆ ಬರೆದುಕೊಳ್ಳಿ. ಬಾಗಿಲು ತೆಗೆದು ಮತ್ತೆ ಅರ್ಧ ಗಂಟೆ. ಎರಡರ ನಡುವೆ ಎರಡು ಮೂರು ಡಿಗ್ರಿ ವ್ಯತ್ಯಾಸವಿದ್ದರೆ ಕ್ಯಾಬಿನೆಟ್ಟು ಚೆನ್ನಾಗಿ ಉಸಿರಾಡುತ್ತಿದೆ. ಹತ್ತು ಡಿಗ್ರಿ ಇದ್ದರೆ ಹಿಂದಿನ ಫ್ಯಾನಿಗೆ ಕೈಹಾಕುವ ಮೊದಲು ಮುಂದಿನ ಗೂಡಿನ ತೂತುತಗಡನ್ನು ನೋಡಿ. ತೂತುಗಳು ಸಣ್ಣದಾಗಿರುತ್ತವೆ, ಇಲ್ಲವೇ ಪರದೆ ತೀರ ಒತ್ತಾಗಿರುತ್ತದೆ.