ಬೆಳೆಯುವ ನಗರ, ಬಳಲುವ ಜನ

ನಗರವೆಂದರೆ ಸುಖಸೌಕರ್ಯಗಳ ನೆಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಲ್ಲಿ ನುರಿತ ವೈದ್ಯರುಂಟು, ದೊಡ್ಡ ಆಸ್ಪತ್ರೆಗಳುಂಟು, ಬೀದಿಗೊಂದು ಔಷಧಿಯಂಗಡಿಯುಂಟು. ಆದುದರಿಂದ ನಗರವಾಸಿಗಳು ಹಳ್ಳಿಗರಿಗಿಂತ ಆರೋಗ್ಯವಂತರಾಗಿರಬೇಕೆಂದು ಊಹಿಸುವುದು ಸಹಜ. ಪೂರ್ವ ಆಫ್ರಿಕದ ಕೀನ್ಯ ದೇಶದ ರಾಜಧಾನಿಯಾದ ನೈರೋಬಿಯಲ್ಲಿ 2000ದಲ್ಲಿ ನಡೆದ ಸಮೀಕ್ಷೆಯೊಂದು ಈ ಊಹೆಯನ್ನು ತಲೆಕೆಳಗು ಮಾಡಿತು. ಅಲ್ಲಿನ ಕೊಳೆಗೇರಿಗಳಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 150 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಅದೇ ದೇಶದ ಹಳ್ಳಿಗಳಲ್ಲಿ ಈ ಸಂಖ್ಯೆ ಸುಮಾರು 113. ಆಸ್ಪತ್ರೆಗೆ ಹತ್ತಿರವಿದ್ದ ಮಕ್ಕಳೇ ಹೆಚ್ಚಾಗಿ ಸಾಯುತ್ತಿದ್ದರು! ಹೀಗೇಕಾಯಿತು?

ಉತ್ತರದ ಒಂದು ಭಾಗ ಆ ನಗರದ ಚರಿತ್ರೆಯಲ್ಲಿಯೇ ಇದೆ. 1899ರಲ್ಲಿ ಬ್ರಿಟಿಷರು ರೈಲುಮಾರ್ಗವನ್ನು ಹಾಕುತ್ತ ಬಂದು ಬಯಲೊಂದರಲ್ಲಿ ಬೀಡುಬಿಟ್ಟರು. ಆ ಬೀಡೇ ನೈರೋಬಿಯಾಗಿ ಬೆಳೆಯಿತು. ತಣ್ಣೀರಿನ ತಾಣ ಎಂಬ ಅರ್ಥದ ಮಸಾಯಿ ಜನರ ಮಾತಿನಿಂದ ಆ ಹೆಸರು ಬಂದಿದೆ. 1902ರಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅಧಿಕಾರಿಗಳು ಭಾರತೀಯ ವ್ಯಾಪಾರಿಗಳ ಪೇಟೆಗೆ ಬೆಂಕಿಯಿಡಿಸಿದರು. ಮುಂದೆ ಎತ್ತರದ ತಂಪಾದ ನೆಲ ಐರೋಪ್ಯರ ಪಾಲಾಯಿತು. ಆಫ್ರಿಕನ್ನರಿಗೆ ಪೂರ್ವದ ತಗ್ಗುಪ್ರದೇಶವೇ ಗತಿಯಾಯಿತು. ಅವರ ದುಡಿಮೆ ನಗರಕ್ಕೆ ಬೇಕಿತ್ತು. ಆದರೆ ಅವರು ಸಂಸಾರಸಮೇತ ನೆಲೆಸಲು ಬೇಕಾದ ಮನೆ, ನೀರು, ಚರಂಡಿಗಳ ಏರ್ಪಾಡು ಆಗಲಿಲ್ಲ.

1963ರಲ್ಲಿ ಕೀನ್ಯ ಸ್ವತಂತ್ರವಾದಾಗ ನೈರೋಬಿಯ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ. 2019ರ ಜನಗಣತಿಯಲ್ಲಿ ಅದು ಸುಮಾರು 44 ಲಕ್ಷವಾಗಿತ್ತು. ಕೆಲಸವನ್ನು ಅರಸಿ ಜನ ಬಂದ ವೇಗದಲ್ಲಿ ನೀರಿನ ಕೊಳವೆಗಳಾಗಲಿ ಒಳಚರಂಡಿಗಳಾಗಲಿ ಬರಲಿಲ್ಲ. ಕಿಬೆರಾ, ಮಥಾರೆ, ಮುಕುರು ಮುಂತಾದ ಕಡೆಗಳಲ್ಲಿ ತಗಡಿನ ಗುಡಿಸಲುಗಳು ಒಂದಕ್ಕೊಂದು ಒತ್ತಿಕೊಂಡು ಎದ್ದವು. ಇಂತಹ ನೆಲೆಗಳಿಗೆ ಕಾನೂನಿನ ಮನ್ನಣೆಯಿಲ್ಲ ಎಂಬ ಕಾರಣದಿಂದ ನಗರಾಡಳಿತವು ಅಲ್ಲಿಗೆ ಸೌಲಭ್ಯಗಳನ್ನು ಒದಗಿಸಲು ಬಹುಕಾಲ ಹಿಂಜರಿಯಿತು.

ಇದರ ಫಲವೇನು? ನೀರಿನ ಹೆಸರನ್ನು ಹೊತ್ತ ಊರಿನಲ್ಲಿ ಬಡವರು ಡಬ್ಬಿಗಳಲ್ಲಿ ನೀರನ್ನು ಕೊಂಡು ತರುತ್ತಾರೆ. ಮನೆಯೊಳಗೆ ನಲ್ಲಿಯಿರುವ ಸಿರಿವಂತರು ತೆರುವುದಕ್ಕಿಂತ ಹೆಚ್ಚಿನ ಬೆಲೆಯನ್ನು ಅವರು ತೆರುತ್ತಾರೆ. ಆ ನೀರನ್ನು ತರುವ ತೆಳುವಾದ ಕೊಳವೆಗಳು ಹಲವೆಡೆ ತೆರೆದ ಚರಂಡಿಗಳ ನಡುವೆಯೇ ಹಾದುಹೋಗುತ್ತವೆ. ನೀರಿನ ಒತ್ತಡ ತಗ್ಗಿದಾಗ ಬಿರುಕುಗಳ ಮೂಲಕ ಹೊಲಸು ಒಳಸೇರುತ್ತದೆ. ಹತ್ತಾರು ಸಂಸಾರಗಳಿಗೆ ಒಂದೇ ಶೌಚಗೃಹ. ಕತ್ತಲಾದ ಮೇಲೆ ಹೆಂಗಸರು ಅಲ್ಲಿಗೆ ಹೋಗಲು ಅಂಜುತ್ತಾರೆ. ಒಂದೇ ಕೋಣೆಯಲ್ಲಿ ಅಡಿಗೆ, ಅಲ್ಲಿಯೇ ನಿದ್ರೆ. ಇದ್ದಿಲು ಸೀಮೆಎಣ್ಣೆಗಳ ಹೊಗೆ ಮಕ್ಕಳ ಶ್ವಾಸಕೋಶವನ್ನು ಸೇರುತ್ತದೆ. ಅತಿಸಾರ, ನ್ಯುಮೋನಿಯಾಗಳು ಎಳೆಯರನ್ನು ಕಾಡಿದರೆ, ಈಚೆಗೆ ರಕ್ತದೊತ್ತಡ, ಮಧುಮೇಹಗಳು ಹಿರಿಯರನ್ನು ಕಾಡತೊಡಗಿವೆ. ಕೆನ್ಯಾಟಾ ರಾಷ್ಟ್ರೀಯ ಆಸ್ಪತ್ರೆ ಕಿಬೆರಾದಿಂದ ಕೆಲವೇ ಕಿಲೋಮೀಟರು ದೂರದಲ್ಲಿದೆ. ಆದರೆ ದಿನಗೂಲಿಯನ್ನು ನಂಬಿದವನಿಗೆ ಒಂದು ದಿನದ ದುಡಿಮೆಯನ್ನು ಬಿಟ್ಟು ಹೋಗುವುದೇ ದೊಡ್ಡ ದೂರ.

ಕೊಳವೆ ಚರಂಡಿಗಳಿದ್ದರೂ ಅವುಗಳನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ಜಿಂಬಾಬ್ವೆಯ ರಾಜಧಾನಿ ಹರಾರೆ ಸಾಕ್ಷಿ. 2008ರಲ್ಲಿ ದೇಶದ ಆರ್ಥಿಕ ಸ್ಥಿತಿ ಕುಸಿದಾಗ ಒಡೆದ ಕೊಳವೆಗಳು ದುರಸ್ತಿಯಾಗಲಿಲ್ಲ. ನೀರನ್ನು ಶುದ್ಧಗೊಳಿಸುವ ರಾಸಾಯನಿಕಗಳೂ ಸಾಲದಾದವು. ಹರಾರೆಯಲ್ಲಿಯೂ ಅದರ ನೆರೆಯ ಚಿಟುಂಗ್ವಿಜಾದಲ್ಲಿಯೂ ಕಾಲರಾ ತಲೆದೋರಿ ದೇಶವನ್ನೆಲ್ಲ ವ್ಯಾಪಿಸಿತು. 2009ರ ಮಧ್ಯಭಾಗದ ಹೊತ್ತಿಗೆ ಸುಮಾರು 98,000 ಮಂದಿ ರೋಗಕ್ಕೆ ತುತ್ತಾಗಿ, 4,000ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಸಕಾಲದಲ್ಲಿ ಉಪ್ಪು ಸಕ್ಕರೆ ಬೆರೆತ ಶುದ್ಧವಾದ ನೀರನ್ನು ಕುಡಿಸಿದರೆ ಕಾಲರಾ ರೋಗಿಗಳಲ್ಲಿ ಹೆಚ್ಚಿನವರು ಉಳಿಯುತ್ತಾರೆ ಎಂಬುದನ್ನು ನೆನೆದಾಗ ಈ ಸಾವುಗಳು ಇನ್ನಷ್ಟು ನೋವುಂಟುಮಾಡುತ್ತವೆ.

ಹಾಗೆಂದು ಇದು ಆಫ್ರಿಕದ ಹಣೆಬರಹವೆಂದು ತಿಳಿಯುವುದು ತಪ್ಪು. 2014ರ ಜುಲೈ ತಿಂಗಳಲ್ಲಿ ಲೈಬೀರಿಯದಿಂದ ಬಂದ ಪ್ರಯಾಣಿಕನೊಬ್ಬನ ಮೂಲಕ ಎಬೋಲ ರೋಗವು ಒಂದು ಕೋಟಿಗೂ ಮಿಕ್ಕಿ ಜನರಿರುವ ಲಾಗೋಸ್ ನಗರವನ್ನು ಹೊಕ್ಕಿತು. ಪೋಲಿಯೋ ನಿರ್ಮೂಲನಕ್ಕಾಗಿ ತರಬೇತಿ ಪಡೆದಿದ್ದ ನೈಜೀರಿಯದ ಸಿಬ್ಬಂದಿ ಕೂಡಲೇ ಕಾರ್ಯೋನ್ಮುಖರಾದರು. ರೋಗಿಗಳ ಸಂಪರ್ಕಕ್ಕೆ ಬಂದ ಸುಮಾರು 900 ಮಂದಿಯನ್ನು ಗುರುತಿಸಿ, ಅವರ ಬಳಿಗೆ ದಿನದಿನವೂ ಹೋಗಿ ಪರೀಕ್ಷಿಸಿದರು. ದೇಶದಲ್ಲಿ ರೋಗ ಇಪ್ಪತ್ತು ಜನರಿಗೆ ಮೀರಲಿಲ್ಲ. ಸತ್ತವರು ಎಂಟು ಮಂದಿ. ಮೂರೇ ತಿಂಗಳಲ್ಲಿ ನೈಜೀರಿಯ ಎಬೋಲದಿಂದ ಮುಕ್ತವಾಯಿತು.

ನೈರೋಬಿಯ ಕೊಳೆಗೇರಿಗಳಲ್ಲಿಯೂ 2012ರ ಸಮೀಕ್ಷೆಯ ವೇಳೆಗೆ ಎಳೆಯ ಮಕ್ಕಳ ಸಾವು ಸಾವಿರಕ್ಕೆ ಸುಮಾರು 80ಕ್ಕೆ ಇಳಿದಿತ್ತು. 2017ರಲ್ಲಿ ಮುಕುರುವನ್ನು ವಿಶೇಷ ಯೋಜನಾ ಪ್ರದೇಶವೆಂದು ಘೋಷಿಸಲಾಯಿತು. ನೀರು, ಚರಂಡಿ, ರಸ್ತೆಗಳು ಹೇಗಿರಬೇಕೆಂಬುದನ್ನು ಅಲ್ಲಿಯ ನಿವಾಸಿಗಳನ್ನೂ ಕೇಳಿ ನಿರ್ಧರಿಸುವ ಕ್ರಮ ಬಂದಿತು. 1902ರಲ್ಲಿ ರೋಗವನ್ನು ತೊಲಗಿಸಲು ಜನರ ಪೇಟೆಯನ್ನೇ ಸುಟ್ಟ ನಗರವದು. ಜನರನ್ನು ತೊಲಗಿಸುವುದರಿಂದ ರೋಗ ತೊಲಗುವುದಿಲ್ಲ, ಅವರನ್ನು ನಗರದ ಮಕ್ಕಳೆಂದು ಒಪ್ಪಿ ಶುದ್ಧವಾದ ನೀರನ್ನು ಕೊಟ್ಟಾಗಲೇ ತೊಲಗುತ್ತದೆ ಎಂಬ ಅರಿವು ಮೂಡಲು ಅದಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ಅರಿವು ಎಲ್ಲ ಕೇರಿಗಳಲ್ಲಿ ನಲ್ಲಿಯ ನೀರಾಗಿ ಹರಿಯುವ ಕೆಲಸ ಇನ್ನೂ ಉಳಿದಿದೆ.