ಲೋಹವಿಷವನ್ನು ಕಟ್ಟಿಹಾಕುವ ಸೂಕ್ಷ್ಮಜೀವಿಗಳು

ತಿಪ್ಪೆಗುಂಡಿಯ ಕಸಕಡ್ಡಿಯು ಗೊಬ್ಬರವಾಗುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಂದ ಎಂಬುದು ರೈತರಿಗೆ ತಿಳಿದದ್ದೇ. ಇವುಗಳಂಥ ಕೆಲವು ಜೀವಿಗಳು ನೀರಿನಲ್ಲಿ ಕರಗಿದ ವಿಷಲೋಹಗಳನ್ನೂ ಅಡಗಿಸಬಲ್ಲವು. ಆದರೆ ಕಸವು ಕೊಳೆತು ಮಣ್ಣಾಗುವಂತೆ ಲೋಹವು ಎಂದಿಗೂ ಇಲ್ಲವಾಗದು. ಈ ಭೇದವನ್ನು ಊರ ಪ್ರಮುಖರೂ ಜಮೀನುದಾರರೂ ಮನಗಾಣುವುದು ಅವಶ್ಯವು.

ರಬಕವಿ-ಬನಹಟ್ಟಿಯು ನೇಯ್ಗೆಗೆ ಹೆಸರಾದ ಊರು. ನೂಲಿಗೆ ಹಾಕುವ ಕೆಲವು ಬಣ್ಣಗಳಲ್ಲಿಯೂ, ಬಣ್ಣವನ್ನು ನಿಲ್ಲಿಸುವ ಕೆಲವು ಲವಣಗಳಲ್ಲಿಯೂ ಕ್ರೋಮಿಯಂ ಎಂಬ ಲೋಹವಿರುವುದುಂಟು. ಇದರ ಒಂದು ರೂಪವು ನೀರಿನಲ್ಲಿ ಸುಲಭವಾಗಿ ಕರಗಿ ದೂರ ಹರಿಯತಕ್ಕದ್ದು, ಬಹು ವಿಷಕರವಾದದ್ದು. ಇನ್ನೊಂದು ರೂಪವು ಹೆಚ್ಚಾಗಿ ಕರಗದೆ ಕೆಸರಿನಲ್ಲಿ ನಿಲ್ಲುವುದು. ಅದರ ವಿಷವೂ ಕಡಿಮೆ. ಗಾಳಿಯಾಡದ ಕೆಸರಿನಲ್ಲಿ ವಾಸಿಸುವ ಕೆಲವು ಸೂಕ್ಷ್ಮಜೀವಿಗಳು, ಸಾಕಷ್ಟು ಆಹಾರ ದೊರೆತಲ್ಲಿ, ಮೊದಲನೆಯ ರೂಪವನ್ನು ಎರಡನೆಯದಾಗಿ ಮಾರ್ಪಡಿಸುತ್ತವೆ.

ವಿಕಿರಣಶೀಲವಾದ ಯುರೇನಿಯಂ ಲೋಹಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ನಮ್ಮ ನಾಡಿನಲ್ಲಿ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಇದರ ನಿಕ್ಷೇಪವುಂಟು. ಕರಗಿದ ಯುರೇನಿಯಂ ಅನ್ನು ಕರಗದಂತೆ ಮಾಡುವ ಸೂಕ್ಷ್ಮಜೀವಿಯ ಶಕ್ತಿಯನ್ನು ಅಮೆರಿಕದ ವಿಜ್ಞಾನಿ ಡೆರೆಕ್ ಲವ್ಲೀ ಅವರೂ ಸಂಗಡಿಗರೂ 1991ರಲ್ಲಿ ತೋರಿಸಿಕೊಟ್ಟರು. 2002ರಲ್ಲಿ ಅಲ್ಲಿಯ ಕೊಲೊರಾಡೊ ಪ್ರಾಂತದ ರೈಫಲ್ ಎಂಬಲ್ಲಿ, ಹಿಂದೆ ಯುರೇನಿಯಂ ಅದಿರನ್ನು ಸಂಸ್ಕರಿಸಿದ್ದ ಸ್ಥಳದ ಅಂತರ್ಜಲಕ್ಕೆ ಈ ಜೀವಿಗಳ ಆಹಾರವಾದ ಅಸಿಟೇಟ್ ಲವಣವನ್ನು ಸೇರಿಸಲಾಯಿತು. ಕೆಲವೇ ವಾರಗಳಲ್ಲಿ ನೀರಿನ ಯುರೇನಿಯಂ ಇಳಿಯಿತು. ಬೇರೆ ಜಾತಿಯ ಜೀವಿಗಳು ಪ್ರಬಲವಾದೊಡನೆ ಪುನಃ ಏರತೊಡಗಿತು. ಲೋಹವು ನೀರಿನಿಂದ ಮಣ್ಣಿಗೆ ಸರಿದಿತ್ತೇ ಹೊರತು ನಾಶವಾಗಿರಲಿಲ್ಲ.

ಕೃಷ್ಣಾ, ಘಟಪ್ರಭಾ ನದಿಗಳ ನಡುವಣ ಈ ಸೀಮೆಯಲ್ಲಿ ಒಂದು ಊರು ಹಳ್ಳಕ್ಕೆ ಬಿಟ್ಟ ನೀರು ಇನ್ನೊಂದು ಊರಿನ ಬಾವಿಯನ್ನು ಮುಟ್ಟಬಹುದು. ಆದಕಾರಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಪ್ರಮುಖರು ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಬಣ್ಣದ ನೀರನ್ನು ಹಳ್ಳಕ್ಕಾಗಲಿ ಹೊಲಕ್ಕಾಗಲಿ ಬಿಡದೆ, ಸೋರದ ತೊಟ್ಟಿಯಲ್ಲಿ ತಡೆದು ಶುದ್ಧಿಗೊಳಿಸುವಂತೆ ಏರ್ಪಡಿಸಬೇಕು.

2. ಆ ತೊಟ್ಟಿಯ ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಹಾಕಕೂಡದು. ನೀರು ಬಿಟ್ಟ ಲೋಹವು ಅದರಲ್ಲಿಯೇ ಕೂಡಿರುತ್ತದೆ.

3. ನೀರು ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತೆಂದು ನಂಬಬಾರದು. ಬಣ್ಣ ಹೋದರೂ ಲೋಹ ಉಳಿದಿರಬಹುದು. ಇಂಥ ನೀರು ಹರಿಯುವ ಕಡೆಯ ಬಾವಿಗಳನ್ನು ಪರೀಕ್ಷೆ ಮಾಡಿಸಬೇಕು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಮನ್ನು ಮೀರಬಾರದು.

4. ಲೋಹವಿಷವನ್ನು ಸಂಪೂರ್ಣವಾಗಿ ನಾಶಮಾಡುವುದೆಂದು ಹೇಳಿ ಮಾರುವ ಯಾವ ಪುಡಿಗೂ ಹಣ ತೆರಬಾರದು.

ಸೂಕ್ಷ್ಮಜೀವಿಯು ವಿಷವನ್ನು ಕಟ್ಟಿಹಾಕುವ ಆಳು; ಕಾವಲು ಮಾತ್ರ ನಮ್ಮದೇ. ಒಮ್ಮೆ ಎರೆಭೂಮಿಗೆ ಸೇರಿದ ಲೋಹವನ್ನು ಹೊರತೆಗೆಯುವುದು ಬಹು ಕಷ್ಟವಾದುದರಿಂದ, ಸೇರದಂತೆ ತಡೆಯುವುದೇ ಉತ್ತಮವು.